ಕಿಟಕಿಯಲ್ಲಿ ಕಾಣುತ್ತಿದ್ದ ಬೆಟ್ಟ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ತಂತ್ರಜ್ಞಾನ ಮತ್ತು ಗ್ರಾಮೀಣ ವಿದ್ಯಾರ್ಥಿ’ ಎಂದು ಅಚ್ಚಾಗಿದೆ. ಸಾಫ್ಟ್‌ವೇರ್‌ನವನು ಬಂದರೆ ಇನ್ನೇನು ಮಾತಾಡಿಯಾನು ಎಂದು ಸಮಿತಿಯವರು ತಾವೇ ಹಾಕಿಕೊಂಡಿದ್ದಾರೆ. ಕ್ಷಮಿಸಬೇಕು, ನಾನು ಬೇರೆ ವಿಷಯ ತಂದಿದ್ದೇನೆ. ನಮ್ಮ ನಾಲ್ಕು ತಾಲ್ಲೂಕಿನ ಬೆಟ್ಟ, ಬಯಲುಗಳಿಗೆ ಒಂದು ದಿನದ ಮಟ್ಟಿಗೆ ಹೋಗಿ ಬರುವುದು ಹೇಗೆ ಅನ್ನುವುದೇ ನನ್ನ ವಿಷಯ. ಇದೇನು ಭಾಷಣದ ವಿಷಯವೇ ಎಂದು ನಗಬೇಡಿ. ಇದನ್ನು ತಿಳಿಯದೆ ನಾನು ಒಬ್ಬ ಮನುಷ್ಯನ ಕಾಲು ಮುರಿಸಿದ್ದೇನೆ.

ಮೊದಲು ಈ ಶಾಲೆಯಿಂದಲೇ ಶುರು ಮಾಡುತ್ತೇನೆ. ಒಂಬತ್ತನೇ ತರಗತಿ ‘ಬಿ’ ಸೆಕ್ಷನ್ನಿನ ಎರಡನೇ ಕಿಟಕಿಯಲ್ಲಿ ಮಧುಗಿರಿ ಬೆಟ್ಟ ಕಾಣುತ್ತಿತ್ತು. ಈಗಲೂ ಕಾಣುತ್ತದೆ, ನಿನ್ನೆ ಹೋಗಿ ನೋಡಿ ಬಂದೆ. ಬೀಜಗಣಿತ ತಲೆಗೆ ಹತ್ತದಾಗ ನಾನು ನೋಡುತ್ತಿದ್ದದ್ದು ಅದನ್ನೇ. ಏಷ್ಯಾದ ಎರಡನೆಯ ದೊಡ್ಡ ಏಕಶಿಲಾ ಬೆಟ್ಟ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಆದರೆ ನಮ್ಮ ಬ್ಯಾಚಿನ ಅರವತ್ತು ಜನರಲ್ಲಿ ಅದನ್ನು ಹತ್ತಿದ್ದವರು ಐದಾರು ಮಂದಿ ಇದ್ದಿರಬೇಕು.

2003ರ ಡಿಸೆಂಬರಿನಲ್ಲಿ ನಮ್ಮ ಪಿ.ಟಿ. ಮೇಷ್ಟ್ರು ಬೆಟ್ಟಕ್ಕೆ ಕರೆದುಕೊಂಡು ಹೋದರು. ಗಂಡು ಹುಡುಗರು ಮಾತ್ರ. ಹೆಣ್ಣುಮಕ್ಕಳಿಗೆ ಆ ದಿನ ಶಾಲೆಯಲ್ಲಿ ರಂಗೋಲಿ ಸ್ಪರ್ಧೆ. ಅದು ಆಗ ನಮಗೆ ವಿಚಿತ್ರ ಅನ್ನಿಸಲೂ ಇಲ್ಲ. ಕೋಟೆಯ ಬಾಗಿಲುಗಳನ್ನು ದಾಟಿ, ಕಡಿದಾದ ಬಂಡೆಗೆ ಕೊರೆದ ಸಣ್ಣ ಸಣ್ಣ ಮೆಟ್ಟಿಲುಗಳನ್ನು ಹತ್ತಿ, ಮುಕ್ಕಾಲು ಪಾಲು ಹೋಗಿದ್ದೆವು. ಆಗ ಪಡುವಣದಲ್ಲಿ ಒಂದು ಮೋಡ ಕಂಡಿತು. ಮೇಷ್ಟ್ರು ನಿಂತರು, ನೋಡಿದರು, ‘ಇಳೀರಿ’ ಅಂದರು. ಬರಗಾಲದ ವರ್ಷಗಳು ಅವು, ಮಳೆ ಬಂದರೆ ಪುಣ್ಯ ಎನ್ನುವಂಥವು. ಆ ಮೋಡದಿಂದ ಒಂದು ಹನಿಯೂ ಬೀಳಲಿಲ್ಲ. ತುದಿ ಮುಟ್ಟಿಸದೆ ಇಳಿಸಿಬಿಟ್ಟರಲ್ಲ ಎಂದು ನಾನು ಎಸ್.ಎಸ್.ಎಲ್.ಸಿ. ಮುಗಿಯುವವರೆಗೂ ಅವರ ಮೇಲೆ ಸಿಟ್ಟಿಟ್ಟುಕೊಂಡಿದ್ದೆ. ಸಾರ್, ನೀವು ಮೊದಲ ಸಾಲಿನಲ್ಲೇ ಕೂತಿದ್ದೀರಿ. ನಿಮಗೆ ಈ ಸಿಟ್ಟಿನ ಸುದ್ದಿ ಇವತ್ತೇ ಗೊತ್ತಾಗುತ್ತಿರುವುದು.

ಆಮೇಲೆ ಪಿ.ಯು., ಬಿ.ಇ., ಬೆಂಗಳೂರು, ಕೆಲಸ. ಎಲ್ಲರದೂ ಇದೇ ಕಥೆ, ಬಿಡಿ. 2017ರಲ್ಲಿ ಕಂಪನಿ ನನ್ನನ್ನು ಕೆಲವು ತಿಂಗಳು ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಕಳಿಸಿತು. ಅಲ್ಲಿ ಯೊಸೆಮಿಟಿ ಎಂಬ ರಾಷ್ಟ್ರೀಯ ಉದ್ಯಾನವಿದೆ. ಅದರೊಳಗೆ ಹಾಫ್ ಡೋಮ್ ಎಂಬ ಬಂಡೆ, ಎತ್ತರ 8,800 ಅಡಿಗೂ ಮೇಲೆ. ಚಿತ್ರ ನೋಡಿದ ತಕ್ಷಣ ನನಗೆ ನೆನಪಾದದ್ದು ನಮ್ಮ ಕಿಟಕಿ. ಅರ್ಧ ಕೊಯ್ದಿಟ್ಟ ಮಧುಗಿರಿ ಬೆಟ್ಟದಂತೆಯೇ ಇದೆ, ಅದೂ ಗ್ರಾನೈಟೇ. ಕೊನೆಯ 400 ಅಡಿ ಎಷ್ಟು ಕಡಿದೆಂದರೆ 1919ರಿಂದ ಅಲ್ಲಿ ಎರಡು ಉಕ್ಕಿನ ಹಗ್ಗ ಕಟ್ಟಿದ್ದಾರೆ, ಅದನ್ನು ಹಿಡಿದು ಹತ್ತಬೇಕು. ದಿನಕ್ಕೆ 300 ಜನಕ್ಕೆ ಮಾತ್ರ ಅನುಮತಿ, ಅದೂ ಲಾಟರಿಯಲ್ಲಿ. ನನಗೆ ಚೀಟಿ ಹತ್ತಿತು.

ಅದಕ್ಕೆ ನಾನು ಮಾಡಿದ ತಯಾರಿ ಕೇಳಿ. ಎರಡು ತಿಂಗಳು ಪ್ರತಿ ಶನಿವಾರ ನಡಿಗೆ. ಹೊಸ ಶೂ ಕೊಂಡು ಮೊದಲು ಸಣ್ಣ ಗುಡ್ಡಗಳಲ್ಲಿ ಪಳಗಿಸಿದೆ. ತಲೆಗೆ ನಾಲ್ಕು ಲೀಟರ್ ನೀರು, ಉಪ್ಪು, ದೀಪ, ಕೈಗವಸು. ಬೆಳಗಿನ ಜಾವ ಐದಕ್ಕೆ ಹೊರಟೆವು. ‘ಇಂತಿಷ್ಟು ಗಂಟೆಗೆ ಎಲ್ಲಿದ್ದರೂ ಹಿಂದಿರುಗುವುದು’ ಎಂದು ಮೊದಲೇ ಕಾಗದದಲ್ಲಿ ಬರೆದುಕೊಂಡಿದ್ದೆವು. ಎಲ್ಲಿಗೆ ಹೋಗುತ್ತಿದ್ದೇವೆ, ಯಾವಾಗ ಬರುತ್ತೇವೆ ಎಂದು ಊರಲ್ಲೇ ಉಳಿದ ಸಹೋದ್ಯೋಗಿಯೊಬ್ಬರಿಗೆ ಹೇಳಿ ಹೋಗಿದ್ದೆವು. ಹತ್ತಿದೆವು, ಇಳಿದೆವು, ಫೋಟೋ ತೆಗೆದೆವು. ಒಂದು ಚೂರೂ ತೊಂದರೆಯಾಗಲಿಲ್ಲ.

ಇನ್ನು 2019ರ ಮಾರ್ಚ್. ಬೆಂಗಳೂರಿನ ಆರು ಸಹೋದ್ಯೋಗಿಗಳಿಗೆ ‘ನಮ್ಮೂರ ಕಡೆ ತೋರಿಸುತ್ತೇನೆ ಬನ್ನಿ’ ಎಂದೆ. ನನ್ನ ತಯಾರಿ ಎಂದರೆ ಒಂದು ಎಕ್ಸೆಲ್ ಹಾಳೆ. ಬೆಳಿಗ್ಗೆ ಸಿದ್ಧರಬೆಟ್ಟ, ಆಮೇಲೆ ಚನ್ನರಾಯನದುರ್ಗ, ಮಧ್ಯಾಹ್ನ ಮಧುಗಿರಿ ಬೆಟ್ಟ, ಸಂಜೆ ಮೈದೇನಹಳ್ಳಿಯ ಕೃಷ್ಣಮೃಗ, ಸಮಯ ಉಳಿದರೆ ಶಿರಾ ಕಡೆಯ ಕಗ್ಗಲಡು ಹಕ್ಕಿಗಳು. ಒಂದೇ ದಿನದಲ್ಲಿ! ಹದಿನೈದು ಹದಿನೈದು ನಿಮಿಷದ ಖಾನೆ ಮಾಡಿ ಬಣ್ಣ ಬೇರೆ ತುಂಬಿದ್ದೆ. ಫೋನಿನ ನಕ್ಷೆ ಒಂದೂರಿಂದ ಇನ್ನೊಂದೂರಿಗೆ ಅರ್ಧ ಗಂಟೆ ಅನ್ನುತ್ತದೆ. ದಾರಿಯಲ್ಲಿ ತಟ್ಟೆ ಇಡ್ಲಿಗೆ ನಿಲ್ಲುವುದನ್ನು, ಒಬ್ಬರ ಶೂ ಲೇಸು ಬಿಚ್ಚುವುದನ್ನು, ಸಿದ್ಧರಬೆಟ್ಟದ ಗುಹೆಯಲ್ಲಿ ಸರದಿ ಇರುವುದನ್ನು ಆ ನಕ್ಷೆ ಹೇಳುವುದಿಲ್ಲ.

ಮಧುಗಿರಿ ಬೆಟ್ಟದ ಬುಡಕ್ಕೆ ಬಂದಾಗ ಹನ್ನೆರಡೂ ಕಾಲು. ಚನ್ನರಾಯನದುರ್ಗವನ್ನು ಕಾರಿನಿಂದಲೇ ತೋರಿಸಿ ಮುಗಿಸಿದ್ದೆ. ಬಿಸಿಲು ನಿಮಗೆ ಗೊತ್ತೇ ಇದೆ. ಏಳು ಜನಕ್ಕೆ ಒಂದೊಂದು ಲೀಟರಿನ ಆರು ಬಾಟಲಿ. ಇಬ್ಬರು ಆಫೀಸಿಗೆ ಹಾಕುವ ನುಣುಪು ಅಟ್ಟೆಯ ಶೂನಲ್ಲಿದ್ದರು. ನಾನೋ, ಚಪ್ಪಲಿಯಲ್ಲಿ. ಯಾಕೆಂದರೆ ನಮ್ಮೂರ ಬೆಟ್ಟ ತಾನೆ! ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಇದೆಯಲ್ಲ, ಹಿತ್ತಲ ಬೆಟ್ಟ ಬೆಟ್ಟವೂ ಅಲ್ಲ ಎಂದುಕೊಂಡಿದ್ದೆ.

ಮಧುಗಿರಿ ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 3,930 ಅಡಿ. ಪೇಟೆಯಿಂದ ಲೆಕ್ಕ ಹಾಕಿದರೆ ನಾವು ಹತ್ತಬೇಕಾದ್ದು 1,300 ಅಡಿಗೂ ಹೆಚ್ಚು, ಬಹುಪಾಲು ಬರಿಯ ಬಂಡೆಯ ಮೇಲೆ. ಮೇಲೆ ಹೋದಂತೆ ನೆರಳಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಂಡೆ ದೋಸೆ ಕಾವಲಿಯಾಗಿರುತ್ತದೆ, ಬಿಸಿಲು ಮೇಲಿಂದಲೂ ಕೆಳಗಿಂದಲೂ ಹೊಡೆಯುತ್ತದೆ. ಎರಡೂವರೆಗೆ ನಮ್ಮಲ್ಲೊಬ್ಬರಿಗೆ ಕಾಲಿನ ಮೀನಖಂಡ ಹಿಡಿದುಕೊಂಡಿತು. ನೀರು ಅಷ್ಟರಲ್ಲಿ ಒಂದು ಬಾಟಲಿಯ ತಳದಲ್ಲಿತ್ತು. ಆಗಲೂ ನಾನು ‘ಇನ್ನು ಸ್ವಲ್ಪವೇ, ತುದಿ ಬಂತು’ ಎಂದೆ. 2003ರ ಸಿಟ್ಟು ಇನ್ನೂ ಒಳಗಿತ್ತೋ ಏನೋ. ಹತ್ತು ನಿಮಿಷದ ಮೇಲೆ ಅವರೇ ‘ಸಾಧ್ಯವಿಲ್ಲ’ ಎಂದರು. ತಿರುಗಿ ಇಳಿಯುವಾಗ ಜಾರಿದರು. ದೇವರ ದಯೆ, ಕಡಿದಾದ ಕಡೆ ಅಲ್ಲ. ಆದರೆ ಹಿಮ್ಮಡಿಯ ಮೇಲೆ ಮೂಳೆ ಮುರಿಯಿತು. ಆ ಸದ್ದು ನನಗೆ ಕೇಳಿಸಿತು.

ನಾನು ಅಮ್ಮನಿಗೆ ಫೋನ್ ಮಾಡಿದೆ. ಮೂವತ್ತರ ವಯಸ್ಸಿನ ಬಿ.ಇ. ಓದಿದ ಗಂಡಸು ಬಂಡೆಯ ಮೇಲೆ ಕೂತು ಅಮ್ಮನಿಗೆ ಫೋನ್ ಮಾಡಿದ. ಅಮ್ಮ ಇನ್ಯಾರಿಗೋ ಮಾಡಿದಳು. ಐದಕ್ಕೆ ಕಾಲು ಗಂಟೆ ಇರುವಾಗ ಕೆಳಗಿನಿಂದ ಮೂವರು ಹತ್ತಿ ಬರುವುದು ಕಂಡಿತು. ಮುಂದಿದ್ದವನು ನನ್ನ ಹಿಂದಿನ ಬೆಂಚಿನ ಗೆಳೆಯ. ಅವನು ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿದವನು, ಈಗ ಕಡ್ಲೆಕಾಯಿ ಬೇಸಾಯ, ಸಾಗಣೆ ಆಟೋ. ಇವತ್ತು ಈ ಪೆಂಡಾಲ್ ಹಾಕಿಸಿದವನೂ ಅವನೇ. ಹೆಸರು ಹೇಳಕೂಡದು ಎಂದು ಆಣೆ ಹಾಕಿಸಿಕೊಂಡಿದ್ದಾನೆ. ಎರಡು ಬಿಂದಿಗೆ ಹಿಡಿಯುವಷ್ಟು ನೀರು, ಒಂದು ಕಂಬಳಿ, ಎರಡು ಗಳು ತಂದಿದ್ದ. ಕಂಬಳಿಯ ಜೋಲಿ ಮಾಡಿ, ಮೆಟ್ಟಿಲು ಮೆಟ್ಟಿಲಿಗೆ ಕೂತು ಕೂತು ಇಳಿಸಿ, ಕೆಳಗೆ ತಲುಪಿದಾಗ ರಾತ್ರಿ ಏಳೂವರೆ.

ಆಸ್ಪತ್ರೆಯ ಹೊರಗೆ ನಾನು ಜೇಬಿಗೆ ಕೈ ಹಾಕಿದೆ. ಅವನು ಕೈ ಅಲ್ಲೇ ಹಿಡಿದ. ‘ದುಡ್ಡು ಬಿಡ್ಲ. ಬೆಟ್ಟಕ್ಕೆ ಬರೋನು ಒಂದು ಮಾತು ಹೇಳ್ಬಾರ್ದಾಗಿತ್ತಾ? ನಾನು ಇಲ್ಲೇ ಇದ್ನಲ್ಲ’ ಅಂದ.

ಕ್ಯಾಲಿಫೋರ್ನಿಯಾದಲ್ಲಿ ಮುಖಪರಿಚಯ ಮಾತ್ರವಿದ್ದವರಿಗೆ ಹೇಳಿ ಹೋಗಿದ್ದೆ. ಇಲ್ಲಿ, ಎಂಟು ಕಿಲೋಮೀಟರ್ ದೂರದ ಅವನಿಗೆ ಹೇಳಿರಲಿಲ್ಲ. ಮರೆತಿದ್ದೆ ಎನ್ನಲಾರೆ. ಆಫೀಸಿನವರ ಮುಂದೆ ಅವನನ್ನು ಪರಿಚಯಿಸುವುದು ನನಗೆ ಬೇಕಿರಲಿಲ್ಲ. ಇದನ್ನು ಅವನಿಗೆ ಒಬ್ಬನಿಗೇ ಹೇಳಿಕೊಳ್ಳುವ ಧೈರ್ಯ ಆರು ವರ್ಷವಾದರೂ ಬರಲಿಲ್ಲ, ಅದಕ್ಕೇ ಮೈಕಿನ ಮುಂದೆ ಹೇಳುತ್ತಿದ್ದೇನೆ.

ಅಲ್ಲಿಂದ ಮುಂದೆ ನಾವಿಬ್ಬರೂ ಸೇರಿ ಬಿಡುವಾದಾಗೆಲ್ಲ ಈ ಸೀಮೆ ತಿರುಗಿದ್ದೇವೆ. ಅದರಿಂದ ಕಲಿತದ್ದನ್ನು ಹೇಳುತ್ತೇನೆ, ಹೋಗುವವರಿಗೆ ಉಪಯೋಗಕ್ಕೆ ಬರಲಿ.

ಒಂದು ದಿನಕ್ಕೆ ಒಂದೇ ಬೆಟ್ಟ. ಅದರ ಜೊತೆಗೆ, ಕಾಲಿಗೆ ಕೆಲಸ ಕೊಡದ ಒಂದು ಜಾಗ ಇರಬಹುದು, ಅಷ್ಟೆ. ಮಧುಗಿರಿಯಾದರೆ ನವೆಂಬರಿನಿಂದ ಜನವರಿವರೆಗೆ, ಬೆಳಿಗ್ಗೆ ಆರಕ್ಕೆ ಬುಡದಲ್ಲಿರಬೇಕು. ಹತ್ತಿ ಇಳಿಯುವುದಕ್ಕೆ ನಾಲ್ಕೈದು ಗಂಟೆ ಇಟ್ಟುಕೊಳ್ಳಿ. ಹತ್ತು ಗಂಟೆಗೆ ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಿ. ತಲೆಗೆ ಮೂರು ಲೀಟರ್ ನೀರು. ಬೆಟ್ಟದ ದೊಣೆಗಳಲ್ಲಿ ನೀರಿರುತ್ತದೆ, ಅದನ್ನು ನಂಬಿ ಹೋಗಬೇಡಿ. ಒರಟು ಅಟ್ಟೆಯ ಶೂ ಇಲ್ಲದಿದ್ದರೆ ಬರಿಗಾಲೇ ವಾಸಿ. ಮಳೆ ಬಿದ್ದ ದಿನ ಮತ್ತು ಮರುದಿನ ಬೇಡವೇ ಬೇಡ, ಪಾಚಿ ಕಟ್ಟಿದ ಬಂಡೆ ಎಣ್ಣೆ ಸವರಿದಂತಿರುತ್ತದೆ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಹತ್ತುವಾಗ ಬಂಡೆ ಕಾಣುತ್ತದೆ, ಇಳಿಯುವಾಗ ಆಳ ಕಾಣುತ್ತದೆ. ಇನ್ನು ಜೇನು. ಊರಿನ ಹೆಸರಿನಲ್ಲೇ ‘ಮಧು’ ಇದೆ, ಹಳೆಯ ಹೆಸರು ಮದ್ದಗಿರಿಯಾಗಿದ್ದರೂ. ಹೆಜ್ಜೇನು ಇರುವ ಬಂಡೆಯ ಹತ್ತಿರ ಕೂಗಾಟ, ಕಲ್ಲೆಸೆತ, ಬೀಡಿ ಸಿಗರೇಟು, ಸೆಂಟು ಯಾವುದೂ ಕೂಡದು.

ಮೇಲೆ ಹೋದಾಗ ಬರಿ ಫೋಟೋ ತೆಗೆದು ಬರಬೇಡಿ. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಎಂದು ಒಂದೊಂದಕ್ಕೂ ಹೆಸರಿದೆ. ಸ್ಥಳೀಯ ಪಾಳೆಯಗಾರರ ಕೈಯಿಂದ 1678ರಲ್ಲಿ ಚಿಕ್ಕದೇವರಾಜ ಒಡೆಯರು ಈ ಕೋಟೆಯನ್ನು ಗೆದ್ದರು. ಬಿದನೂರನ್ನು ಹಿಡಿದ ಮೇಲೆ ಹೈದರಾಲಿ ರಾಣಿ ವೀರಮ್ಮಾಜಿಯನ್ನು ಸೆರೆಯಿಟ್ಟದ್ದು ಈ ಬೆಟ್ಟದಲ್ಲೇ. 1767ರಲ್ಲಿ ಪೇಶ್ವೆ ಮಾಧವರಾಯ ಕೋಟೆ ಹಿಡಿದು ಆಕೆಯನ್ನು ಬಿಡಿಸಿದ. ಮಲೆನಾಡಿನ ಮಳೆ ಕಂಡ ಆ ಹೆಂಗಸು ಈ ಒಣ ಬಂಡೆಯ ಮೇಲೆ ವರ್ಷಗಟ್ಟಲೆ ಏನು ನೋಡುತ್ತಾ ಕೂತಿದ್ದಳೋ ಎಂದು ನಾನು ಪ್ರತಿಸಲ ಯೋಚಿಸುತ್ತೇನೆ.

ಮಕ್ಕಳು, ವಯಸ್ಸಾದವರು ಇದ್ದರೆ ಕೊರಟಗೆರೆಯ ಸಿದ್ಧರಬೆಟ್ಟವೇ ಸರಿ. ಮೆಟ್ಟಿಲಿದೆ, ಮರದ ನೆರಳಿದೆ, ಗುಹೆಯಲ್ಲಿ ಸಿದ್ಧೇಶ್ವರ, ತಣ್ಣನೆಯ ನೀರು. ಗಿಡಮೂಲಿಕೆ ಬಲ್ಲವರ ಜೊತೆ ಹೋದರೆ ಅರ್ಧ ದಿನ ಸಾಲದು. ವಾಪಸು ಬರುವಾಗ ಗೊರವನಹಳ್ಳಿ ಲಕ್ಷ್ಮಿಯ ದರ್ಶನ ಮಾಡಿಕೊಂಡರೆ ಮನೆಯ ಹೆಂಗಸರೂ ಮುಂದಿನ ಸಲ ತಾವಾಗಿಯೇ ಹೊರಡುತ್ತಾರೆ, ಇದು ಅನುಭವದ ಮಾತು. ಚನ್ನರಾಯನದುರ್ಗ ಹಾಗಲ್ಲ. ಅಲ್ಲಿ ಜನ ಕಡಿಮೆ, ಪೊದೆ ಹೆಚ್ಚು, ದಾರಿ ತಪ್ಪುತ್ತದೆ. ಕರಡಿ, ಚಿರತೆ ಓಡಾಡುವ ಸೀಮೆ ಇದು. ಕೆಳಗಿನ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು, ಅವರ ಒಂದು ದಿನದ ಕೂಲಿಯನ್ನು ಮರ್ಯಾದೆಯಿಂದ ಕೊಟ್ಟು ಹೋಗಿ. ಕೋಟೆಯ ಗೋಡೆ ಬೆಟ್ಟದ ಬೆನ್ನ ಮೇಲೆ ಏರುತ್ತಾ ಹೋಗುವುದನ್ನು ನೋಡಿದರೆ, ಮಧುಗಿರಿಗಿಂತ ಇದೇ ಚೆಂದ ಎಂದು ನನಗನ್ನಿಸುತ್ತದೆ. ಮಧುಗಿರಿಯವರು ಬೈಯಬಹುದು.

ಬೆಟ್ಟವೇ ಬೇಡ ಎನ್ನುವವರಿಗೆ ನಮ್ಮದೇ ತಾಲ್ಲೂಕಿನ ಮೈದೇನಹಳ್ಳಿ. ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಎಂದು 2007ರಲ್ಲಿ ಘೋಷಣೆಯಾದದ್ದು, 798 ಎಕರೆ ಹುಲ್ಲುಗಾವಲು. ರಾಷ್ಟ್ರೀಯ ಉದ್ಯಾನ ನೋಡಲು ನಾಗರಹೊಳೆಗೆ, ಬಂಡೀಪುರಕ್ಕೆ ಓಡುತ್ತೇವೆ. ಅಲ್ಲಿ ಜೀಪಿನಲ್ಲಿ ಎರಡು ಗಂಟೆ ಸುತ್ತಿ ಒಂದು ಬಾಲ ಕಂಡರೆ ಅದೃಷ್ಟ. ಇಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಸದ್ದು ಮಾಡದೆ ಕೂತರೆ ಸಾಕು, ಹಿಂಡು ಹಿಂಡೇ ಹಾದುಹೋಗುತ್ತದೆ. ಗಂಡಿಗೆ ಕಪ್ಪು ಬೆನ್ನು, ತಿರುಚಿದ ಕೊಂಬು. ಹೆಣ್ಣು ಮರಿಗಳು ಒಣಹುಲ್ಲಿನ ಬಣ್ಣ. ಅರಣ್ಯ ಇಲಾಖೆಯವರನ್ನು ಕೇಳಿ ಹೋಗಬೇಕು, ನಾಯಿಯನ್ನಂತೂ ತರಲೇಬಾರದು. ಮಳೆಗಾಲ ಮುಗಿದು ಹುಲ್ಲು ಹಸಿರಾಗಿರುವಾಗ ಚೆಂದ. ನಾವು ಚಿಕ್ಕವರಿದ್ದಾಗ ಜಿಂಕೆ ಹೊಲಕ್ಕೆ ನುಗ್ಗಿತು ಎಂದು ಅಟ್ಟುತ್ತಿದ್ದವು, ಅದು ನೋಡಬೇಕಾದ ಪ್ರಾಣಿ ಎಂದು ಯಾರೂ ಹೇಳಿರಲಿಲ್ಲ. ಹೊಲದವರ ನಷ್ಟವೂ ಸುಳ್ಳಲ್ಲ, ಆ ಮಾತನ್ನು ಬೇರೆಯೇ ಆಡಬೇಕು.

ಶಿರಾ ಕಡೆ ಹೊರಡುವುದಾದರೆ ಕಗ್ಗಲಡು. ಊರ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಫೆಬ್ರವರಿಯಿಂದ ಬೇಸಿಗೆ ದಾಟುವವರೆಗೆ. ಜನ ಮರದ ಕೆಳಗೇ ಎಮ್ಮೆ ಕಟ್ಟಿರುತ್ತಾರೆ, ಮೇಲೆ ಮರಿಗಳ ಗಲಾಟೆ. ಆ ಊರಿನವರು ಅವನ್ನು ಮನೆಯ ಮಕ್ಕಳಂತೆ ಕಾಯುತ್ತಾರೆ. ಅಲ್ಲಿಂದ ಶಿರಾ ಪೇಟೆಗೆ ಹತ್ತು ಕಿಲೋಮೀಟರೂ ಇಲ್ಲ. ಮಲಿಕ್ ರಿಹಾನನ ಗೋರಿ 1651ರದು, ಜುಮ್ಮಾ ಮಸೀದಿ 1696ರದು. ಮೊಗಲರ ಕಾಲಕ್ಕೆ ಶಿರಾ ಒಂದು ಸುಬಾದ ರಾಜಧಾನಿ, ಬೆಂಗಳೂರಿನ ಲಾಲ್‌ಬಾಗ್‌ಗೆ ಶಿರಾದ ತೋಟವೇ ಮಾದರಿ ಎಂದು ಗೆಜೆಟಿಯರಿನಲ್ಲಿದೆ. ನಾವು ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಅದನ್ನು ದಾಟಿಕೊಂಡು ಹೋಗುತ್ತೇವೆ. ಅದೇ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು 2019ರಲ್ಲಿ ಚಿಂಕಾರಾ ವನ್ಯಧಾಮವಾಯಿತು, ಅಲ್ಲಿಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ.

ಪಾವಗಡಕ್ಕೆ ಡಿಸೆಂಬರ್, ಜನವರಿ ಬಿಟ್ಟರೆ ನಾನು ಯಾರನ್ನೂ ಕರೆಯುವುದಿಲ್ಲ. ದಾರಿಯಲ್ಲಿ ಮಿಡಿಗೇಶಿ ಕೋಟೆ ಸಿಗುತ್ತದೆ. ಪಾವಗಡದ ಕೋಟೆಬೆಟ್ಟ ಊರಿನ ನೆತ್ತಿಯ ಮೇಲೇ ಇದೆ, ಬೆಳಿಗ್ಗೆ ಹತ್ತಿ ಇಳಿದು ಶನಿಮಹಾತ್ಮನ ಗುಡಿಗೆ ಹೋಗಬಹುದು. ನನ್ನಂಥ ಎಂಜಿನಿಯರಿಗೆ ಅಲ್ಲಿಯ ಇನ್ನೊಂದು ನೋಟ ತಿರುಮಣಿಯ ಸೋಲಾರ್ ಪಾರ್ಕ್. 13,000 ಎಕರೆ, 2,050 ಮೆಗಾವಾಟ್. ನೆಲವನ್ನು ರೈತರಿಂದ ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ನಮ್ಮನ್ನು ಸುಟ್ಟ ಬಿಸಿಲೇ ಅಲ್ಲಿ ತಂತಿಯೊಳಗೆ ಹರಿಯುತ್ತಿದೆ. ಕಡ್ಲೆಕಾಯಿ ಬೆಳೆಯುತ್ತಿದ್ದ ನೆಲದಲ್ಲಿ ಗಾಜಿನ ಸಾಲು ನೋಡಿ ನನ್ನ ಗೆಳೆಯ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಕಳೆ ಕೀಳೋ ಕೆಲ್ಸ ಇಲ್ಲ ನೋಡು’ ಅಂದ. ಮೆಚ್ಚಿದನೋ ಮರುಗಿದನೋ ಗೊತ್ತಾಗಲಿಲ್ಲ.

ಈಗ ಶಾಲೆಯ ಮಾತಿಗೆ ಬರುತ್ತೇನೆ. ಕಳೆದ ಡಿಸೆಂಬರಿನಲ್ಲಿ ಮುಖ್ಯೋಪಾಧ್ಯಾಯರ ಅನುಮತಿ, ಪೋಷಕರ ಒಪ್ಪಿಗೆಪತ್ರ ಎಲ್ಲ ಪಡೆದು ಒಂಬತ್ತನೇ ತರಗತಿಯ 42 ಮಕ್ಕಳನ್ನು ಮಧುಗಿರಿ ಬೆಟ್ಟಕ್ಕೆ ಕರೆದುಕೊಂಡು ಹೋದೆವು. ಅದರಲ್ಲಿ 19 ಹೆಣ್ಣುಮಕ್ಕಳು. ಆ ಸಂಖ್ಯೆ ಸುಲಭವಾಗಿ ಬರಲಿಲ್ಲ. ಇಬ್ಬರು ಶಿಕ್ಷಕಿಯರು ಮನೆ ಮನೆಗೆ ಹೋಗಿ ಮಾತಾಡಿದರು. ನನ್ನ ತಂಗಿಯೂ ಜೊತೆಗೆ ಬಂದಳು. ಅವಳು ಇದೇ ಶಾಲೆಯಲ್ಲಿ ಓದಿ, ರಂಗೋಲಿಯಲ್ಲಿ ಬಹುಮಾನ ತಗೊಂಡು, ಮದುವೆಯಾಗಿ ಹೋದವಳು. ಅದೇ ಕಿಟಕಿಯ ಪಕ್ಕ ಒಂದು ವರ್ಷ ಕೂತಿದ್ದಳು. ಬೆಟ್ಟದ ಬುಡದಲ್ಲಿ ಮೊದಲ ಬಾಗಿಲ ಕಲ್ಲು ಮುಟ್ಟಿ, ‘ಇಷ್ಟು ಹತ್ರ ಇತ್ತಾ ಇದು’ ಎಂದಳು.

ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು. ಮುಂದೆ ನನ್ನ ಗೆಳೆಯ, ಕಟ್ಟಕಡೆಗೆ ನಾನು. ಬುತ್ತಿಗೆ ಪುಳಿಯೋಗರೆ, ಹುರಿದ ಕಡ್ಲೆಕಾಯಿ, ಬೆಲ್ಲ. ಒಂಬತ್ತೂ ಮುಕ್ಕಾಲಿಗೆ, ಕಡಿದಾದ ಮೆಟ್ಟಿಲಿನ ಕಡೆ ಒಂದು ಹುಡುಗಿ ಕಂಬಿ ಹಿಡಿದುಕೊಂಡು ನಿಂತುಬಿಟ್ಟಳು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಹಿಂದೆ ಹದಿನೈದು ಮಕ್ಕಳು ಕಾಯುತ್ತಿದ್ದರು. ನನ್ನ ತಂಗಿ ಅವಳ ಪಕ್ಕ ಬಂಡೆಯ ಮೇಲೆ ಕೂತು, ಮುಖವನ್ನು ಬೆಟ್ಟದ ಕಡೆ ತಿರುಗಿಸಿಕೊಂಡು ಹೇಗೆ ಇಳಿಯಬೇಕು ಎಂದು ತಾನೇ ಮೂರು ಮೆಟ್ಟಿಲು ಇಳಿದು ತೋರಿಸಿದಳು. ಗಡಿಯಾರ ನೋಡಿದೆ, ಹತ್ತು. ತುದಿಗೆ ಇನ್ನು ಅರ್ಧ ಗಂಟೆಯೂ ಬೇಕಿರಲಿಲ್ಲ. ಮೇಲಿದ್ದ ಹುಡುಗರ ಮುಖ ನೋಡಿದೆ. ಆ ಮುಖ ನನಗೆ ಚೆನ್ನಾಗಿ ಗೊತ್ತು, ಸಾರ್. ‘ಇಳೀರಿ’ ಎಂದೆ.

42 ಮಕ್ಕಳೂ ಸುರಕ್ಷಿತವಾಗಿ ಮನೆ ಸೇರಿದರು. ಕೆಲವರು ನನ್ನ ಮೇಲೆ ಸಿಟ್ಟಾಗಿದ್ದಾರೆ ಎಂದು ಕೇಳಿದೆ. ಆಗಲಿ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಒಂದಿದೆ. ಕಟ್ಟಡಕ್ಕೆ, ಕಂಪ್ಯೂಟರಿಗೆ ದುಡ್ಡು ಕೊಟ್ಟಿದ್ದೀರಿ, ಸಂತೋಷ. ಇದಕ್ಕೆ ದುಡ್ಡಿಗಿಂತ ಜನ ಬೇಕು. ವರ್ಷಕ್ಕೆ ನಾಲ್ಕು ಪ್ರವಾಸ, ತಾಲ್ಲೂಕಿಗೊಂದು. ಫೆಬ್ರವರಿಯ ಮೂರನೇ ಭಾನುವಾರ ಕಗ್ಗಲಡು ಮತ್ತು ಶಿರಾ, ನಡಿಗೆ ಕಡಿಮೆ, ಮೊದಲ ಸಲ ಬರುವವರಿಗೆ ಅನುಕೂಲ. ನವೆಂಬರಿನಲ್ಲಿ ಸಿದ್ಧರಬೆಟ್ಟ, ಡಿಸೆಂಬರಿನಲ್ಲಿ ಮತ್ತೆ ಮಧುಗಿರಿ, ಜನವರಿಯಲ್ಲಿ ಪಾವಗಡ. ಪ್ರತಿ ಪ್ರವಾಸಕ್ಕೆ ಐದು ಜನ ದೊಡ್ಡವರು, ಅವರಲ್ಲಿ ಇಬ್ಬರಾದರೂ ಹೆಂಗಸರು, ಒಬ್ಬರು ಪ್ರಥಮ ಚಿಕಿತ್ಸೆ ಬಲ್ಲವರು. ನಮ್ಮ ಬ್ಯಾಚಿನ ನರ್ಸ್ ಒಬ್ಬರು ಆಗಲೇ ಒಪ್ಪಿದ್ದಾರೆ. ಬೆಂಗಳೂರಿನವರು ಹಿಂದಿನ ರಾತ್ರಿಯೇ ಬಂದು ಇಲ್ಲಿ ಮಲಗಬೇಕು, ಬೆಳಿಗ್ಗೆ ಆರಕ್ಕೆ ಹೊರಟು ಬರುತ್ತೇನೆ ಎನ್ನುವ ಲೆಕ್ಕ ನನ್ನ ಹತ್ತಿರ ನಡೆಯುವುದಿಲ್ಲ.

ಊಟದ ಸಾಲಿನ ಪಕ್ಕದಲ್ಲಿ ಒಂದು ಮೇಜು ಹಾಕಿದ್ದೇವೆ, ಅದರ ಮೇಲೆ ಒಂದು ನೋಟ್‌ಬುಕ್ ಇದೆ. ಹೆಸರು, ಊರು, ಯಾವ ತಿಂಗಳು ಬರಲಾಗುತ್ತದೆ, ಇಷ್ಟು ಬರೆದರೆ ಸಾಕು. ಮೇಜಿನ ಹಿಂದೆ ಕೂತಿರುವವನು ನನ್ನ ಗೆಳೆಯ. ಪೆನ್ನು ಅವನ ಕೈಲಿದೆ. ಫೆಬ್ರವರಿಗೆ ಇನ್ನೂ ಮೂರು ಜನ ಬೇಕು.